45 ಕೋಟಿ ವಲಸಿಗರು ಅಂತಾರಲ್ಲ, ಅವ್ರೆಲ್ಲ ಯಾರು?

ಭಾಷೆ ಬಗ್ಗೆ, ಬೆಂಗಳೂರಿನ ಬಗ್ಗೆ, ಲೋಕಲ್‌ನವರಿಗೆ ಕೆಲಸ ಕೊಡೋ ಬಗ್ಗೆ ಹೀಗೆ ಯಾವ್ದೇ ಜಗಳ ಶುರುವಾಗ್ಲಿ, ನಾಲ್ಕನೇ ಐದನೇ ಮೆಸೇಜಿಗೆ ಒಬ್ರು ಬಂದು "ದೇಶದಲ್ಲಿ 45 ಕೋಟಿ ವಲಸಿಗರು ಇದ್ದಾರೆ ಗೊತ್ತಾ" ಅಂತ ಒಂದು ಸಂಖ್ಯೆ ಒಗೆದು ಹೋಗ್ತಾರೆ. ಸಂಖ್ಯೆ ಸುಳ್ಳಲ್ಲ. 2011ರ ಜನಗಣತಿದೇ ಅದು, ಆಗಿನ ಜನಸಂಖ್ಯೆಯಲ್ಲಿ ನೂರಕ್ಕೆ 37ರಷ್ಟು. 2001ರಲ್ಲಿ ಅದು 31 ಕೋಟಿ ಚಿಲ್ಲರೆ ಇತ್ತು, ಹಾಗಾಗಿ "ಹತ್ತು ವರ್ಷದಲ್ಲಿ 14 ಕೋಟಿ ಜಾಸ್ತಿ ಆಯ್ತು ನೋಡ್ರಪ್ಪಾ" ಅನ್ನೋರೂ ಇದ್ದಾರೆ. ಓದಿದವರ ಕಣ್ಣ ಮುಂದೆ ಆಗ ಬರೋದು ಮಾತ್ರ ಮೆಜೆಸ್ಟಿಕ್‌ನಲ್ಲಿ ಬ್ಯಾಗ್ ಹೊತ್ಕೊಂಡು ಇಳೀತಿರೋ ಬಿಹಾರದ ಹುಡುಗ.

ಆ 45 ಕೋಟಿಯಲ್ಲಿ ನಮ್ಮಮ್ಮನೂ ಇದ್ದಾಳೆ ಅಂದ್ರೆ ನಂಬ್ತೀರಾ. ಮುದಗಲ್ ಹತ್ರದ ಹಳ್ಳಿಯಿಂದ ಲಿಂಗಸುಗೂರು ತಾಲೂಕಿನದೇ ಇನ್ನೊಂದು ಹಳ್ಳಿಗೆ ಮದುವೆಯಾಗಿ ಬಂದವಳು, ತವರಿಗೂ ಗಂಡನ ಮನೆಗೂ ಎತ್ತಿನ ಬಂಡಿ ದಾರಿ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಜನಗಣತಿ ಪ್ರಕಾರ ಅವಳು ವಲಸೆ ಬಂದವಳು. ಯಾಕಂದ್ರೆ ಗಣತಿ ಕೇಳೋದು ಇಷ್ಟೇ, ಇದಕ್ಕಿಂತ ಮುಂಚೆ ಬೇರೆ ಊರಲ್ಲಿ ವಾಸ ಇದ್ರಾ? ಹೌದು ಅಂದ್ರೆ ಮುಗೀತು. ಎಷ್ಟು ದೂರ, ಎಷ್ಟು ವರ್ಷದ ಹಿಂದೆ ಅನ್ನೋದೆಲ್ಲ ಆಮೇಲಿನ ಟೇಬಲ್‌ಗಳಲ್ಲಿ ಬರುತ್ತೆ, ಒಟ್ಟು ಲೆಕ್ಕಕ್ಕೆ ಮಾತ್ರ ಐವತ್ತು ವರ್ಷದ ಹಿಂದೆ ಸೊಸೆಯಾಗಿ ಬಂದವಳೂ ಒಂದು, ಹೋದ ತಿಂಗಳು ಪಟ್ನಾದಿಂದ ಬಂದವನೂ ಒಂದು.

ಆ ಟೇಬಲ್‌ಗಳನ್ನ ಒಮ್ಮೆ ತೆಗೆದು ನೋಡಿದ್ರೆ ಚಿತ್ರ ಪೂರ್ತಿ ತಿರುಗಾ ಮುರುಗಾ ಆಗುತ್ತೆ. ಮೂರರಲ್ಲಿ ಎರಡು ಪಾಲು ಹೆಂಗಸರು. ಕಾರಣ ಮದುವೆ ಅಂದೋರು ಹತ್ತಿರ ಹತ್ತಿರ 21 ಕೋಟಿ. ಕೆಲಸ ಅಂತ ಹೇಳಿದವರು 4 ಕೋಟಿ ಚಿಲ್ಲರೆ ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಜಿಲ್ಲೆ ಗಡಿನೇ ದಾಟಿಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರು ನೂರಕ್ಕೆ 12 ಜನ, ಅಂದ್ರೆ ಐದೂವರೆ ಕೋಟಿ ಆಸುಪಾಸು. ಟಿವಿಯಲ್ಲಿ ಕೂಗಾಡೋದು ಈ 12ರ ಬಗ್ಗೆ, ತೋರಿಸೋ ಸಂಖ್ಯೆ ಮಾತ್ರ ಪೂರ್ತಿ 45 ಕೋಟಿ. ಇನ್ನು ಈ ವಲಸೆ ಟೇಬಲ್‌ಗಳು ಪೂರ್ತಿಯಾಗಿ ಹೊರಗೆ ಬರೋ ಹೊತ್ತಿಗೆ 2019 ಆಗಿತ್ತು. 2011ರಲ್ಲಿ ಬರ್ಕೊಂಡಿದ್ದು! ಆಮೇಲೆ 2021ರ ಗಣತಿ ಕೋವಿಡ್ ಅಂತ ಮುಂದಕ್ಕೆ ಹೋಗಿ ಹೋಗಿ 2027ಕ್ಕೆ ಬಂದು ನಿಂತಿದೆ. ಹಾಗಾಗಿ ನಾವು ಇವತ್ತು ಜಗಳ ಆಡ್ತಿರೋದು ಆಗ ಎರಡನೇ ಕ್ಲಾಸಲ್ಲಿದ್ದ ಮಕ್ಕಳು ಈಗ ಡಿಗ್ರಿ ಮುಗಿಸಿರೋಷ್ಟು ಹಳೇ ಲೆಕ್ಕ ಇಟ್ಕೊಂಡು.

ಇದೆಲ್ಲ ನಂಗೆ ಯಾಕೆ ಅಂದ್ರೆ, ನಾನು ಸರ್ಕಾರಿ ಶಾಲೆ ಟೀಚರು, ರಾಯಚೂರು ಜಿಲ್ಲೆಲಿ. ದೇಶದಲ್ಲಿ ಏನೇ ಎಣಿಸೋದಿದ್ರೂ ಮೊದಲು ನೆನಪಾಗೋದು ನಾವೇ ತಾನೆ, ಮತದಾರರಿರ್ಲಿ, ಜಾತಿಯಿರ್ಲಿ, ಶೌಚಾಲಯ ಇರ್ಲಿ. 2011ರ ಗಣತಿಗೂ ಡ್ಯೂಟಿ ಹಾಕಿದ್ರು. ಫೆಬ್ರವರಿ 9ರಿಂದ 28ರ ತನಕ ಮನೆ ಮನೆ ಸುತ್ತೋದು, 28ರ ರಾತ್ರಿ ಮನೆ ಇಲ್ಲದೋರನ್ನ ಎಣಿಸೋದು, ಮಾರ್ಚ್ ಮೊದಲ ಐದು ದಿನ ಮತ್ತೆ ಹೋಗಿ ಯಾರಾದ್ರೂ ಹುಟ್ಟಿದ್ರಾ ಸತ್ರಾ ಅಂತ ತಿದ್ದೋದು. ಫಾರ್ಮಲ್ಲಿ 29 ಪ್ರಶ್ನೆ. ನನಗೆ ಎಣಿಸೋಕೆ ಕೊಟ್ಟ ಬ್ಲಾಕಿನಲ್ಲಿ ಒಂದು ತಾಂಡಾನೂ (ಲಂಬಾಣಿಗರ ಹಟ್ಟಿ) ಸೇರಿತ್ತು, ಅಲ್ಲಿ ಸಾಲಿಗೆ ಸಾಲು ಬೀಗ. ಕಟ್ಟೆ ಮೇಲೆ ಒಬ್ಬ ಅಜ್ಜ ಕೂತಿದ್ರು, ಕೇಳಿದ್ದಕ್ಕೆ "ದೀಪಾವಳಿ ಮುಗಿಸ್ಕೊಂಡು ಗುಳೆ ಹೋಗ್ಯಾರಲ್ರೀ ಮೇಡಂ, ಯುಗಾದಿಗೆ ಬರ್ತಾರ, ಆವಾಗ ಬಂದ್ ಬರ್ಕೊಳ್ರಿ" ಅಂದ್ರು. ಯುಗಾದಿ ಆ ವರ್ಷ ಏಪ್ರಿಲಲ್ಲಿ ಇತ್ತು, ಗಣತಿ ಅಷ್ಟೊತ್ತಿಗೆ ಮುಗಿದು ಕಟ್ಟು ಕಟ್ಟಿ ತಾಲೂಕು ಆಫೀಸಿಗೆ ಸೇರಿಬಿಟ್ಟಿರುತ್ತೆ.

ನಿಯಮ ಏನು ಅಂದ್ರೆ ಗಣತಿ ನಡೆಯೋ ಅಷ್ಟೂ ದಿನ ಒಬ್ಬ ಮನುಷ್ಯ ಊರಲ್ಲಿ ಇಲ್ಲದಿದ್ರೆ ಅವನನ್ನ ಊರಲ್ಲಿ ಬರೀಬಾರದು, ಎಲ್ಲಿದ್ದಾನೋ ಅಲ್ಲಿನವರು ಬರ್ಕೋತಾರೆ. ಪೇಪರ್ ಮೇಲೆ ಇದು ಸರೀನೇ, ಇಲ್ಲಾಂದ್ರೆ ಒಬ್ಬನೇ ಎರಡು ಕಡೆ ಬರ್ತಾನೆ. ಆದ್ರೆ ಅವನಿರೋದು ವೈಟ್‌ಫೀಲ್ಡ್ ಕಡೆ ಕಟ್ತಿರೋ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಸೈಟಲ್ಲಿ ನೀಲಿ ತಾಡಪತ್ರೆ ಶೆಡ್ಡಲ್ಲಿ, ಅಲ್ಲಿಗೆ ಬೆಂಗಳೂರಿನ ಯಾವ ಟೀಚರಮ್ಮನ ಬ್ಲಾಕು ಬರುತ್ತೆ, ಅವಳಿಗೆ ಕೊಟ್ಟ ನಕ್ಷೆಯಲ್ಲಿ ಆ ಶೆಡ್ಡು ಇದೆಯಾ, ಅವಳು ಬೆಳಿಗ್ಗೆ ಹೋದ್ರೆ ಇವ್ರು ಕೆಲಸಕ್ಕೆ ಹೋಗಿರ್ತಾರೆ, ಸಂಜೆ ಆದ್ಮೇಲೆ ಅಲ್ಲಿಗೆ ಹೋಗೋಕೆ ಅವಳಿಗೂ ಭಯ. ನಾನು ಅವಳನ್ನ ಬೈತಿಲ್ಲ, ಅವಳೂ ನನ್ ತರಾನೇ. ಸಿಕ್ಕಿ ಬರ್ಕೊಂಡ್ರೂ ಕಾರಣ ಅನ್ನೋ ಕಡೆ ಒಂದೇ ಒಂದು ಕೋಡ್ ಹಾಕಬೇಕು. ಗಂಡನಿಗೆ "ಕೆಲಸ", ಹೆಂಡತಿಗೆ "ಮನೆಯವರ ಜೊತೆ". ಅವಳು ಬೆಳಿಗ್ಗೆಯಿಂದ ಸಂಜೆ ತನಕ ಅದೇ ಸೈಟಲ್ಲಿ ಮರಳು ಜಲ್ಲಿ ಹೊರ್ತಾಳೆ, ಆದ್ರೂ ಲೆಕ್ಕದಲ್ಲಿ ಅವಳು ಗಂಡನ ಹಿಂದೆ ಬಂದವಳು. ಮದುವೆಯಾಗಿ ಬಂದು ಮಾರನೇ ವಾರದಿಂದ ಹೊಲದ ಕೂಲಿಗೆ ಹೋಗೋ ಆ 21 ಕೋಟಿ ಸೊಸೆಯಂದಿರ ಕಥೆಯೂ ಹೀಗೇ. ಮದುವೆ ಅಂತ ಬರೆದ ಕೂಡ್ಲೆ ಅವರ ದುಡಿಮೆ ವಲಸೆ ಲೆಕ್ಕದಿಂದ ಆಚೆ ಹೋಗುತ್ತೆ.

ಸ್ಯಾಂಪಲ್ ಸರ್ವೆಗಳು ಬೇರೆ ರೀತಿ ಮಾಡ್ತಾವೆ. 2007-08ರಲ್ಲಿ ನಡೆದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 64ನೇ ಸುತ್ತಿನಲ್ಲಿ ಗುಳೆಯಂಥ ಸೀಸನ್ ವಲಸೆಯನ್ನ ಹಿಡಿಯೋಕೆ ಅಂತಾನೇ ಒಂದು ಪ್ರಶ್ನೆ ಇತ್ತು, ಕಳೆದ 365 ದಿನದಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಂದ ಆರು ತಿಂಗಳೊಳಗೆ ಊರು ಬಿಟ್ಟಿದ್ರಾ ಅಂತ. ಅದರಲ್ಲಿ ಸಿಕ್ಕ ಲೆಕ್ಕ ದೇಶಕ್ಕೆಲ್ಲ ಸೇರಿ ಒಂದೂವರೆ ಕೋಟಿನೂ ಮುಟ್ಟಲಿಲ್ಲ. ನಮ್ಮ ಕಡೆ ಊರುಗಳನ್ನ ನೋಡಿದವರು ಯಾರೂ ಇದನ್ನ ಒಪ್ಪಲ್ಲ ಬಿಡಿ. ಒಂದು ತೊಂದರೆ ಏನಂದ್ರೆ ಆರು ತಿಂಗಳ ಗೆರೆ. ಆರು ತಿಂಗಳು ದಾಟಿದ್ರೆ ಅವನು ಆ ಮನೆ ಸದಸ್ಯನೇ ಅಲ್ಲ ಅಂತ ಸರ್ವೆ ನಿಯಮ. ಇಟ್ಟಿಗೆ ಭಟ್ಟಿಗೆ ಹೋದವರು ಮಳೆ ಬೀಳೋವರೆಗೆ ಬರಲ್ಲ, ಅದು ಏಳೆಂಟು ತಿಂಗಳು. ಇನ್ನೊಂದು ತೊಂದರೆ ಬೀಗ. ಇಡೀ ಮನೆನೇ ಎದ್ದು ಹೋದ್ರೆ ಪ್ರಶ್ನೆಗೆ ಉತ್ತರ ಕೊಡೋಕೆ ಯಾರಿರ್ತಾರೆ? 2020-21ರ ಪಿಎಲ್‌ಎಫ್‌ಎಸ್ ಅನ್ನೋ ಕೇಂದ್ರದ ಉದ್ಯೋಗ ಸರ್ವೆಯಲ್ಲೂ ವಲಸಿಗರು ನೂರಕ್ಕೆ 28.9 ಅಂತ ಬಂತು, ಹೆಂಗಸರಲ್ಲಿ 47.9, ಗಂಡಸರಲ್ಲಿ 10.7, ಆ ಹೆಂಗಸರಲ್ಲಿ ನೂರಕ್ಕೆ 86.8 ಜನ ಮದುವೆ ಕಾರಣ ಅಂದೋರು. ಮತ್ತೆ ನಮ್ಮಮ್ಮನ ಲೆಕ್ಕನೇ.

ಮನೆ ಬಾಗಿಲು ಬಡಿಯೋ ಬದಲು ಟಿಕೆಟ್ ಎಣಿಸೋಣ ಅಂತ ಹೊರಟವರೂ ಇದ್ದಾರೆ. 2016-17ರ ಆರ್ಥಿಕ ಸಮೀಕ್ಷೆಯಲ್ಲಿ ರೈಲ್ವೆಯ ರಿಸರ್ವೇಶನ್ ಇಲ್ಲದ ಟಿಕೆಟ್ ಲೆಕ್ಕ ಹಿಡಿದು ವರ್ಷಕ್ಕೆ ಸುಮಾರು 90 ಲಕ್ಷ ಜನ ಕೆಲಸಕ್ಕೆ ರಾಜ್ಯದಿಂದ ರಾಜ್ಯಕ್ಕೆ ಹೋಗ್ತಾರೆ ಅಂತ ಅಂದಾಜು ಮಾಡಿದ್ರು. ಐಡಿಯಾ ಚೆನ್ನಾಗಿದೆ, ಗಣತಿ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಓಡಾಟ ಇದೆ ಅಂತ ಅದರಿಂದ ಗೊತ್ತಾಯ್ತು. ಆಮೇಲೆ 2024ರ ಡಿಸೆಂಬರಲ್ಲಿ ಪ್ರಧಾನಿ ಆರ್ಥಿಕ ಸಲಹಾ ಮಂಡಳಿಯಿಂದ ಬಂದ ಇನ್ನೊಂದು ವರದಿ, ರೈಲು ಟಿಕೆಟ್ ಜೊತೆ ಮೊಬೈಲ್ ರೋಮಿಂಗ್ ಡೇಟಾನೂ ನೋಡಿ, ವಲಸಿಗರ ಸಂಖ್ಯೆ 2011ಕ್ಕಿಂತ ಸುಮಾರು 12 ಪರ್ಸೆಂಟ್ ಕಮ್ಮಿಯಾಗಿ 40 ಕೋಟಿಗೆ ಇಳಿದಿದೆ ಅಂದುಬಿಡ್ತು. ಅದೇ ವರದಿಯಲ್ಲಿ ಬರೋ ಪ್ರಯಾಣಿಕರ ಪಾಲು ಜಾಸ್ತಿಯಾಗ್ತಿರೋ ರಾಜ್ಯಗಳಲ್ಲಿ ಕರ್ನಾಟಕದ ಹೆಸರೂ ಇದೆ. ಇರ್ಲಿ, ಆದ್ರೆ ನಮ್ಮ ತಾಲೂಕಿನವರು ಬೆಂಗಳೂರಿಗೆ ರೈಲಲ್ಲಿ ಎಲ್ಲಿ ಹೋಗ್ತಾರೆ, ಗದಗ-ವಾಡಿ ಲೈನು ಬರುತ್ತೆ ಬರುತ್ತೆ ಅಂತ ಕೇಳಿ ಕೇಳಿ ತಲೆ ಬೆಳ್ಳಗಾಯ್ತು. ಇವ್ರು ಹೋಗೋದು ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಲ್ಲಿ, ಇಲ್ಲ ಮೇಸ್ತ್ರಿ ಕಳಿಸಿದ ಕ್ರೂಸರಲ್ಲಿ, ಪಾತ್ರೆ, ಹಾಸಿಗೆ, ಜೋಳದ ಚೀಲ, ಕೋಳಿ ಸಮೇತ. 2023ರ ಜೂನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರದ್ದು ಝೀರೋ ಟಿಕೆಟ್. ತಮಾಷೆ ಅಂದ್ರೆ ಯಾವೂರಿಂದ ಯಾವೂರಿಗೆ ಅಂತ ಆ ಝೀರೋ ಟಿಕೆಟ್‌ನಲ್ಲಿ ಚೆಂದಾಗಿ ಪ್ರಿಂಟ್ ಆಗುತ್ತೆ, ಯಾರಾದ್ರೂ ಕೂತು ನೋಡಿದ್ರೆ ನವೆಂಬರಲ್ಲಿ ಲಿಂಗಸುಗೂರು, ದೇವದುರ್ಗ, ಸುರಪುರ ಡಿಪೋಗಳಿಂದ ಎಷ್ಟು ಹೆಂಗಸರು ಹೋದ್ರು ಅಂತ ಸಿಗುತ್ತೆ.

ಈಗ ಕೆಲಸದ ವಿಷಯಕ್ಕೆ ಬರ್ತೀನಿ, ಇದೇ ಜಾಸ್ತಿ ಗೋಜಲು. ನಮ್ಮ ಜಿಲ್ಲೆಗೇ ಬನ್ನಿ. ಒಂದು ಕಡೆ ಸಿಂಧನೂರು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ತಗೊಂಡು ಕ್ಯಾಂಪು ಕಟ್ಕೊಂಡ್ರು, ಈಗಲೂ ಊರ ಹೆಸರಿನ ಕೊನೆಗೆ ಕ್ಯಾಂಪ್ ಅಂತಾನೇ ಇರುತ್ತೆ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಕೊಟ್ಟ ಆರ್.ಎಚ್. ಕ್ಯಾಂಪ್‌ಗಳೂ ಅದೇ ತಾಲೂಕಲ್ಲಿ ಇವೆ, ಅಲ್ಲಿ ಮೀನು ಸಾರು, ದುರ್ಗಾ ಪೂಜೆ ಎಲ್ಲ ಇದೆ. ಇನ್ನೊಂದು ಕಡೆ ದೇವದುರ್ಗ, ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲೂಕು ಅಂತ ಪಟ್ಟಿ ಮಾಡಿತಲ್ಲ, ಅದರಲ್ಲಿ ಸೇರಿದ್ದು. ನಾರಾಯಣಪುರ ಬಲದಂಡೆ ಕಾಲುವೆ ಇದೆ, ಕೊನೆ ಭಾಗದ ಹೊಲಕ್ಕೆ ನೀರು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಒಂದೇ ಜಿಲ್ಲೆಗೆ ಜನ ಬರ್ತಾರೆ, ಅದೇ ಜಿಲ್ಲೆಯಿಂದ ಜನ ಹೋಗ್ತಾರೆ, ಈ ತಾಲೂಕಿನವರು ಆ ತಾಲೂಕಿಗೆ ನಾಟಿಗೆ, ಹತ್ತಿ ಬಿಡಿಸೋಕೆ ಹೋಗ್ತಾರೆ. ಬಂದವರಲ್ಲಿ ಹೋದವರನ್ನ ಕಳೆದು ಜಿಲ್ಲೆಗೆ ಒಂದು ಸಂಖ್ಯೆ ಬರೆದ್ರೆ ಆ ಸಂಖ್ಯೆಯಲ್ಲಿ ಇದ್ಯಾವ್ದೂ ಕಾಣಲ್ಲ.

ನಮ್ಮೂರ ರೈತರು ಬಂದು "ಕೂಲಿ ಆಳೇ ಸಿಗವಲ್ರು ಮೇಡಂ, ಎಲ್ಲಾರೂ ಬೆಂಗ್ಳೂರ್ ಸೇರ್ಕೊಂಡಾರ, ಸೋಂಬೇರಿ ಆಗ್ಯಾರ" ಅಂತ ಗೊಣಗ್ತಾರೆ. ಬೆಂಗಳೂರಲ್ಲಿ ಹತ್ತಡಿ ಶೆಡ್ಡಲ್ಲಿ ಸಂಸಾರ ಮಾಡೋಕೆ ಸೋಂಬೇರಿ ಯಾವನು ಹೋಗ್ತಾನ್ರೀ. ಹತ್ತಿ ಬಿಡಿಸೋ ಟೈಮಲ್ಲಿ ರೈತನಿಗೆ ಒಂದೇ ಸಲ ನೂರು ಆಳು ಬೇಕು, ಅದು ಮುಗಿದ ಮೇಲೆ ಯುಗಾದಿ ತನಕ ಯಾರಿಗೂ ಯಾರೂ ಬೇಡ. ನರೇಗಾದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಗ್ಯಾರಂಟಿ ಇದ್ದಿದ್ದು ಒಂದು ಮನೆಗೆ ವರ್ಷಕ್ಕೆ 100 ದಿನ, ಅದೂ ದುಡ್ಡು ಖಾತೆಗೆ ಬೀಳೋ ಹೊತ್ತಿಗೆ ಅಂಗಡಿಯವನ ಉದ್ರಿ ಬೆಟ್ಟ ಆಗಿರ್ತಿತ್ತು. ಮೇಸ್ತ್ರಿ ಹಾಗಲ್ಲ, ದಸರಾ ಹೊತ್ತಿಗೆ ಮನೆ ಬಾಗಿಲಿಗೇ ಬಂದು ಮುಂಗಡ ಕೊಡ್ತಾನೆ. ಮಗಳ ಮದುವೆನೋ, ಬೋರ್ ಸಾಲನೋ, ಆಸ್ಪತ್ರೆ ಖರ್ಚೋ, ಆ ಗಂಟು ದುಡ್ಡು ಕೈಗೆ ಬಂದ ಮೇಲೆ ಸೀಸನ್ ಪೂರ್ತಿ ಅದನ್ನ ತೀರಿಸೋದೇ ಕೆಲಸ. ಕಬ್ಬಿನ ಗ್ಯಾಂಗಲ್ಲಂತೂ ಗಂಡ ಹೆಂಡ್ತಿ ಸೇರಿ ಒಂದು ಜೋಡಿ ಅಂತ ಲೆಕ್ಕ, ಟನ್ ಮೇಲೆ ಕೂಲಿ, ಹೆಂಡತಿ ಕೈಗೆ ಬೇರೆಯಾಗಿ ಒಂದು ರೂಪಾಯಿ ಬರಲ್ಲ. ದಿನಗೂಲಿ ಎಷ್ಟು ಅಂತ ಕೇಳೋ ಸರ್ವೆಗೆ ಇವಳು ಏನಂತ ಉತ್ತರ ಕೊಡ್ಬೇಕು.

ಕಾನೂನಿನಲ್ಲಿ ಇನ್ನೂ ಒಂದು ವಿಚಿತ್ರ ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಇತ್ತಲ್ಲ (ಈಗ ಹೊಸ ಲೇಬರ್ ಕೋಡ್ ಒಳಗೆ ಸೇರಿಸಿದ್ದಾರೆ), ಗುತ್ತಿಗೆದಾರ ಲೈಸೆನ್ಸ್ ತಗೋಬೇಕು, ಹೋಗಿ ಬರೋ ಖರ್ಚು ಕೊಡಬೇಕು ಅಂತೆಲ್ಲ ಅದರಲ್ಲಿ ಇತ್ತು. ಆದ್ರೆ ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ರಾಯಚೂರಿನಿಂದ ಹೈದರಾಬಾದ್ ಇನ್ನೂರು ಚಿಲ್ಲರೆ ಕಿಲೋಮೀಟರ್, ಬೆಂಗಳೂರು ನಾನೂರು ದಾಟುತ್ತೆ. ಹತ್ತಿರದ ಊರಿಗೆ ಹೋದವನು ಕಾನೂನಿನ ಕಣ್ಣಲ್ಲಿ ವಲಸೆ ಕಾರ್ಮಿಕ, ದೂರದ ಊರಿಗೆ ಹೋದವನು ಏನೂ ಅಲ್ಲ. ಬೆಂಗಳೂರಲ್ಲಿ ಮಳೆ ಬಂದು ಶೆಡ್ಡು ಮುಳುಗಿದ್ರೆ ಅವನ ರೇಷನ್ ಕಾರ್ಡು, ಓಟು, ಎಮ್ಮೆಲ್ಲೆ ಎಲ್ಲ ನಾನೂರು ಕಿಲೋಮೀಟರ್ ಹಿಂದೆ.

ಲೆಕ್ಕ ಇಲ್ಲ ಅಂದ್ರೆ ಏನಾಗುತ್ತೆ ಅಂತ 2020ರಲ್ಲಿ ಇಡೀ ದೇಶ ನೋಡ್ತು. ಲಾಕ್‌ಡೌನ್ ಆದಾಗ ಎಷ್ಟು ಜನ ಎಲ್ಲೆಲ್ಲಿ ಸಿಕ್ಕಾಕೊಂಡಿದ್ದಾರೆ ಅಂತ ಯಾರ ಹತ್ರನೂ ಪಟ್ಟಿ ಇರಲಿಲ್ಲ. ಸೆಪ್ಟೆಂಬರಲ್ಲಿ ಸಂಸತ್ತಲ್ಲಿ ಕೇಳಿದಾಗ ಊರಿಗೆ ವಾಪಸ್ ಹೋದವರು ಒಂದು ಕೋಟಿಗಿಂತ ಜಾಸ್ತಿ ಅಂತ ಕೇಂದ್ರ ಸರ್ಕಾರ ಹೇಳ್ತು, ದಾರೀಲಿ ಸತ್ತವರ ಲೆಕ್ಕ ನಮ್ಮತ್ರ ಇಲ್ಲ ಅಂತಾನೂ ಹೇಳ್ತು. ನಮ್ಮ ರಾಜ್ಯದಲ್ಲೇ ಆ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳ ಜೊತೆ ಬಿಲ್ಡರ್‌ಗಳ ಮೀಟಿಂಗ್ ಆದ ಕೂಡ್ಲೆ ವಲಸೆ ಕಾರ್ಮಿಕರನ್ನ ಊರಿಗೆ ಕಳಿಸೋ ಶ್ರಮಿಕ್ ರೈಲು ಬೇಡ ಅಂತ ಸರ್ಕಾರ ರೈಲ್ವೆಗೆ ಬರೀತು, ಎಲ್ಲಾ ಕಡೆಯಿಂದ ಬೈಸ್ಕೊಂಡ ಮೇಲೆ ವಾಪಸ್ ತಗೊಂಡ್ರು. ಎಷ್ಟು ಜನ ಅಂತ ಸರ್ಕಾರಕ್ಕೆ ಗೊತ್ತಿರ್ಲಿಲ್ಲ ಸರಿ, ಇವ್ರು ಹೋದ್ರೆ ಕೆಲಸ ನಿಲ್ಲುತ್ತೆ ಅಂತ ಮಾತ್ರ ಬಿಲ್ಡರ್‌ಗಳಿಗೆ ಪಕ್ಕಾ ಗೊತ್ತಿತ್ತು.

ಅದೇ ವರ್ಷ ಜನವರಿಯಲ್ಲಿ ಇನ್ನೊಂದು ನಡೀತು, ಅದು ಬೇಗ ಮರೆತುಹೋಯ್ತು. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರು ಇದ್ದಾರೆ ಅಂತ ಹೇಳಿ ಶೆಡ್ಡುಗಳನ್ನ ಒಡೆದು ಹಾಕಿದ್ರು. ಆಮೇಲೆ ಪತ್ರಿಕೆಯವರು ಹೋಗಿ ಕೇಳಿದ್ರೆ ಅಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದ ಸಂಸಾರಗಳೂ ಇದ್ವು, ಕೈಯಲ್ಲಿ ಆಧಾರ್ ಕಾರ್ಡ್ ಹಿಡ್ಕೊಂಡು. ವಿಷಯ ಹೈಕೋರ್ಟಿಗೂ ಹೋಯ್ತು. ಹೊರಗಿನವರು ತುಂಬಿಕೊಂಡಿದ್ದಾರೆ ಅನ್ನೋ ಮಾತಿಗೆ ಲೆಕ್ಕ ಬೇಕಿಲ್ಲ, ಜೆಸಿಬಿ ಬಂದಾಗ ಬೀದಿಗೆ ಬೀಳೋದು ಸುರಪುರದವಳು. ಇನ್ನು 2011ರ ಗಣತಿನೇ ನೋಡಿದ್ರೂ ಬೆಂಗಳೂರಿಗೆ ವಲಸೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ ಒಳಗಿನವರೇ.

ಹಾಗಂತ ಹೊರಗಿಂದ ಬಂದವರಿಂದ ಇಲ್ಲಿನ ಕೆಲಸಕ್ಕೆ ಏನೂ ಆಗಲ್ಲ ಅಂತ ನಾನು ಹೇಳಲ್ಲ, ಹಾಗೆ ಹೇಳೋರ ಮೇಲೂ ನಂಗೆ ಸಿಟ್ಟಿದೆ. ನಮ್ಮ ಕಡೆಯವರು ಸಂಸಾರ ಸಮೇತ ಹೋಗ್ತಾರೆ, ಮಕ್ಕಳು ಇರ್ತಾರೆ, ಹಬ್ಬಕ್ಕೆ ಊರಿಗೆ ಹೊರಡ್ತಾರೆ. ದೊಡ್ಡ ಕಂಪನಿಗಳ ಸೈಟಿಗೆ ಬೇಕಾಗಿರೋದು ಲೇಬರ್ ಕಾಲೊನಿಯಲ್ಲಿ ಗುಂಪಾಗಿ ಮಲಗೋ ಒಂಟಿ ಹುಡುಗರು, ಗುತ್ತಿಗೆದಾರ ಅವರನ್ನ ಒಡಿಶಾ, ಜಾರ್ಖಂಡ್, ಬಂಗಾಳದಿಂದ ಒಟ್ಟಿಗೆ ಕರ್ಕೊಂಡು ಬರ್ತಾನೆ. ಸೆಂಟ್ರಿಂಗ್, ಬಾರ್ ಬೆಂಡಿಂಗ್ ಕೆಲಸ ಅವರ ಪಾಲಾಗುತ್ತೆ, ನಮ್ಮವರಿಗೆ ಮಣ್ಣು ಅಗೆಯೋದು, ಪೈಪ್‌ಲೈನ್, ರೋಡ್ ಪಕ್ಕದ ಕೇಬಲ್ ಗುಂಡಿ. ಇದು ಅಲ್ಲಿ ಹೋಗಿ ಬಂದವರು ಹೇಳೋ ಮಾತು. ಇವರಿಬ್ಬರ ನಡುವೆ ಕೂಲಿ ಎಷ್ಟು ಇಳೀತು ಅಂತ ಯಾವ ಟೇಬಲಲ್ಲೂ ಸಿಗಲ್ಲ. ಕಾಫಿ ತೋಟದ ಕಥೆ ಬೇರೆ, ಕೊಡಗು ಚಿಕ್ಕಮಗಳೂರಲ್ಲಿ ಹಣ್ಣು ಕೊಯ್ಯೋಕೆ ಅಸ್ಸಾಂನವರು ಬರದಿದ್ರೆ ಹಣ್ಣು ಗಿಡದಲ್ಲೇ ಒಣಗುತ್ತೆ ಅಂತ ಪ್ಲಾಂಟರ್‌ಗಳೇ ಹೇಳ್ತಾರೆ. ಅಲ್ಲಿ ಅವರು ಯಾರ ಕೆಲಸನೂ ಕಿತ್ಕೊಂಡಿಲ್ಲ, ಅಲ್ಲಿನ ಮಕ್ಕಳು ಯಾವತ್ತೋ ಬೆಂಗಳೂರು ಸೇರಿದ್ದಾರೆ.

2024ರ ಜುಲೈಲಿ ಸ್ಥಳೀಯರಿಗೆ ಉದ್ಯೋಗ ಮೀಸಲಾತಿ ಮಸೂದೆ ಬಂತಲ್ಲ, ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಅರ್ಧ, ಉಳಿದದ್ದರಲ್ಲಿ ಮುಕ್ಕಾಲು ಹತ್ತಿರ ಹತ್ತಿರ, ಸಂಪುಟ ಒಪ್ಪಿದ ಎರಡೇ ದಿನಕ್ಕೆ ತಡೆಹಿಡಿದ್ರು. ಅದರ ಪರ ವಿರೋಧ ಎಷ್ಟು ಮಾತಾಡಿದ್ರೂ ಎರಡೂ ಕಡೆಯವರು ತಲೇಲಿ ಇಟ್ಕೊಂಡಿದ್ದು ಐಟಿ ಪಾರ್ಕು, ಫ್ಯಾಕ್ಟರಿ, ಪಿಎಫ್ ಕಟ್ ಆಗೋ ನೌಕರಿ. ಗುಳೆ ಹೋಗೋರು ಯಾವ ಕಂಪನಿ ಪೇರೋಲ್‌ನಲ್ಲಿದ್ದಾರೆ? ಕನ್ನಡ ಓದೋಕೆ ಬರೆಯೋಕೆ ಬರಬೇಕು ಅನ್ನೋ ಷರತ್ತು ಬೇರೆ. ತಾಂಡಾದ ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಪ್ರತಿ ವರ್ಷ ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡು ಬೆಳೆದವರು, ಮಾತು ಬರುತ್ತೆ, ಒಂದು ಪ್ಯಾರಾ ಬರಿ ಅಂದ್ರೆ ಕಷ್ಟ.

ಶಾಲೆ ಲೆಕ್ಕನೂ ಹೇಳಿಬಿಡ್ತೀನಿ. ಯುಡೈಸ್‌ಗೆ (ದೇಶದ ಶಾಲೆಗಳ ಮಾಹಿತಿ ಸಂಗ್ರಹ) ದಾಖಲಾತಿ ಕೊಡೋದು ಸೆಪ್ಟೆಂಬರ್ 30ರ ಲೆಕ್ಕದಲ್ಲಿ. ಆವಾಗ ಎಲ್ಲಾ ಮಕ್ಕಳೂ ಊರಲ್ಲೇ ಇರ್ತಾರೆ, ಶಾಲೆ ಗಿಜಿಗಿಜಿ. ದೀಪಾವಳಿ ರಜೆ ಮುಗಿಸಿ ಬಂದು ಹಾಜರಿ ಕೂಗಿದ್ರೆ ಅರ್ಧ ಹೆಸರಿಗೆ ಉತ್ತರ ಇಲ್ಲ. ರಾಜ್ಯದ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಅವ್ರೆಲ್ಲ ನಮ್ಮ ಶಾಲೆಯ ಮಕ್ಕಳೇ, ಬಿಸಿಯೂಟಕ್ಕೆ ಅಕ್ಕಿ ತರಿಸುವಾಗ ಮಾತ್ರ ನಿಜವಾದ ಸಂಖ್ಯೆ ಬೇಕು. ಸೆಪ್ಟೆಂಬರಲ್ಲಿ ಎಣಿಸೋರಿಗೆ ನಮ್ಮೂರಲ್ಲಿ ಗುಳೆನೇ ಇಲ್ಲ, ಫೆಬ್ರವರಿಯಲ್ಲಿ ಎಣಿಸೋರಿಗೆ ನಮ್ಮೂರಲ್ಲಿ ಮುದುಕರು ಮಾತ್ರ ಇದ್ದಾರೆ. ಗುಳೆ ಮಕ್ಕಳಿಗೆ ಸೀಸನಲ್ ಹಾಸ್ಟೆಲ್, ಬೆಂಗಳೂರಲ್ಲಿ ಟೆಂಟ್ ಶಾಲೆ ಅಂತ ಯೋಜನೆಗಳು ಇವೆ, ಬೇಕು ಅಂತ ಕೇಳಿದ್ರೆ ಮೊದಲು ಕೇಳೋದು "ಎಷ್ಟು ಮಕ್ಕಳು, ಪ್ರೂಫ್ ಕೊಡಿ". ಹಾಜರಿ ಪುಸ್ತಕ ತೋರಿಸಿದ್ರೆ ಅದು ಗೈರುಹಾಜರಿ ಮೇಡಂ, ವಲಸೆ ಅಂತ ಹೇಗೆ ಬರೆಯೋದು ಅಂತಾರೆ.

2027ರ ಗಣತಿಯ ಲೆಕ್ಕ ನಿಲ್ಲೋದು ಮತ್ತೆ ಮಾರ್ಚ್ 1ಕ್ಕೇ, ಅಂದ್ರೆ ಮನೆ ಸುತ್ತೋದು ಮತ್ತೆ ಫೆಬ್ರವರಿಯಲ್ಲೇ. ಈ ಸಲ ಮೊಬೈಲ್ ಆ್ಯಪ್, ಜಾತಿಯೂ ಸೇರುತ್ತೆ. ತಾರೀಖು ಬದಲಾಯಿಸೋಕೆ ಆಗಲ್ಲ ಅಂತ ನಂಗೂ ಗೊತ್ತು, ನೂರೈವತ್ತು ವರ್ಷದ ಹಳೇ ವ್ಯವಸ್ಥೆ, ನಮ್ಮ ತಾಂಡಾಗೋಸ್ಕರ ಯಾರು ಅಲ್ಲಾಡಿಸ್ತಾರೆ. ಆದ್ರೆ ಬೀಗ ಹಾಕಿದ ಮನೆಗೂ ಆ್ಯಪಲ್ಲಿ ಒಂದು ಕಾಲಂ ಕೊಡಬಹುದು, ಅಕ್ಕಪಕ್ಕದವರನ್ನ ಕೇಳಿ ಎಲ್ಲಿಗೆ ಹೋಗಿದ್ದಾರೆ, ಯಾವ ತಿಂಗಳು ಹೋದ್ರು, ಮಕ್ಕಳೂ ಹೋಗಿದ್ದಾರಾ ಅಂತ ತುಂಬೋಕೆ. ಅಜ್ಜಂದಿರು ಎಲ್ಲಾ ಹೇಳ್ತಾರೆ, ಮೇಸ್ತ್ರಿ ಹೆಸರು, ಫೋನ್ ನಂಬರ್ ಸಮೇತ. ಬೆಂಗಳೂರಲ್ಲಿ ಕಾರ್ಮಿಕರ ಶೆಡ್ಡುಗಳಿಗೆ ಬೇರೆ ಬ್ಲಾಕ್ ಮಾಡಿ ಭಾನುವಾರ ಬೆಳಿಗ್ಗೆ ಕಳಿಸಬಹುದು, ಬಟ್ಟೆ ಒಗೆಯೋಕೆ ಅಂತ ಆವತ್ತು ಎಲ್ರೂ ಮನೇಲಿರ್ತಾರೆ. ಗಂಡನ ಹತ್ರ ಒಂದು, ಹೆಂಡತಿ ಹತ್ರ ಒಂದು, ಬೇರೆ ಬೇರೆಯಾಗಿ ಕೇಳಿ ಬರ್ಕೊಳ್ಳಿ ಅಂತ ಟ್ರೈನಿಂಗಲ್ಲಿ ಹೇಳಿದ್ರೂ ಸಾಕು, "ಮನೆಯವರ ಜೊತೆ" ಕಾಲಂ ಅರ್ಧಕ್ಕರ್ಧ ಖಾಲಿಯಾಗುತ್ತೆ.